ಸೆನ್ಸರ್ ಊರುಗೋಲು ತಪ್ಪು ತೂಕ ತೋರಿಸಿದಾಗ: ದೋಷ ಹುಡುಕುವ ಬಗೆ

"ತಮ್ಮಾ, ನಾನು ಕಾಲು ಸರಿಯಾಗಿ ಊರಿಯೇ ಇಲ್ಲ. ಇದು ಯಾಕೆ ಹೀಗೆ ಕೂಗಿಕೊಳ್ಳುತ್ತದೆ?"

ಮೊಣಕಾಲಿನ ಕೆಳಗಿನ ಮೂಳೆ ಮುರಿದು ಪ್ಲೇಟ್ ಹಾಕಿಸಿಕೊಂಡಿದ್ದ ಅಕ್ಕ ಕೇಳಿದ ಪ್ರಶ್ನೆ ಇದು. ಆ ಕಾಲಿನ ಮೇಲೆ 15 ಕಿಲೋಗಿಂತ ಹೆಚ್ಚು ಭಾರ ಬೀಳಬಾರದು ಎಂದು ವೈದ್ಯರು ಹೇಳಿದ್ದರು. ಮಿತಿ ಮೀರಿದರೆ ಬೀಪ್ ಎನ್ನುವ ಸೆನ್ಸರ್ ಊರುಗೋಲುಗಳನ್ನು ನಾವೇ ಕೊಟ್ಟಿದ್ದೆವು. ಅವು ಹೆಜ್ಜೆ ಹೆಜ್ಜೆಗೂ ಕೂಗುತ್ತಿದ್ದವು. ಆಕೆ ಹೆದರಿ ಭಾರವನ್ನೆಲ್ಲ ಕೈಗೆ ಹಾಕುತ್ತಿದ್ದರು. ಅಂಗೈ ಜೋಮು ಹಿಡಿದಿತ್ತು. ಫಿಸಿಯೋಥೆರಪಿಸ್ಟ್ ಆಕೆಗೆ "ಇನ್ನೂ ಹಗುರವಾಗಿ ಊರಿ" ಎಂದು ಹೇಳುತ್ತಲೇ ಇದ್ದರು. ತಪ್ಪು ಆಕೆಯದಾಗಿರಲಿಲ್ಲ. ಬಲಗೈಯ ಊರುಗೋಲು ಸುಳ್ಳು ಹೇಳುತ್ತಿತ್ತು.

ಇಂಥ ಊರುಗೋಲುಗಳನ್ನು ಕಟ್ಟುವವರು, ರಿಪೇರಿ ಮಾಡುವವರು, ಪುನಶ್ಚೇತನ ಕೇಂದ್ರಗಳಲ್ಲಿ ದಿನವೂ ಬಳಸುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಅಂಕಿ ತಪ್ಪಿದಾಗ ಹೆಚ್ಚಿನವರು ಮೊದಲು ಪ್ರೋಗ್ರಾಂ ತೆರೆಯುತ್ತಾರೆ, ಇಲ್ಲವೇ ಸರ್ಕ್ಯೂಟ್ ಬೋರ್ಡ್ ಬದಲಿಸುತ್ತಾರೆ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಮೈತೂಕದ ಲೆಕ್ಕ ಕೂಡುತ್ತಿದೆಯೇ? ಕೂಡದಿದ್ದರೆ ಆ ಭಾರ ಸೆನ್ಸರನ್ನು ಬಿಟ್ಟು ಬೇರೆ ಯಾವ ದಾರಿಯಿಂದ ನೆಲಕ್ಕೆ ಹೋಯಿತು?

ಯಾವ ತಪ್ಪು ಯಾರಿಗೆ ಅಪಾಯ

ಈ ಸಾಧನ ಕಾಲಿನ ಭಾರವನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತದೆ. ಒಳ್ಳೆಯ ಕಾಲು ಗಾಳಿಯಲ್ಲಿದ್ದಾಗ ನೆಲದ ಮೇಲಿರುವುದು ಪೆಟ್ಟಾದ ಕಾಲು ಮತ್ತು ಎರಡು ಊರುಗೋಲು. ಮೈತೂಕದಿಂದ ಊರುಗೋಲುಗಳ ಭಾರ ಕಳೆದರೆ ಉಳಿದದ್ದು ಕಾಲಿನದು. ನಡೆಯುವಾಗ ದೇಹ ಏರಿಳಿಯುವುದರಿಂದ ಕ್ಷಣಕ್ಷಣದ ಒಟ್ಟು ಭಾರ ಮೈತೂಕಕ್ಕಿಂತ ಹೆಚ್ಚು ಕಡಿಮೆ ಆಗುತ್ತದೆ. ಆದರೆ ಒಂದೇ ವೇಗದಲ್ಲಿ ಇಟ್ಟ ಹಲವು ಪೂರ್ಣ ಹೆಜ್ಜೆಗಳ ಸರಾಸರಿ ತೆಗೆದರೆ, ಕಾಲುಗಳು ಮತ್ತು ಊರುಗೋಲುಗಳು ಹೊತ್ತ ಒಟ್ಟು ಭಾರ ಮೈತೂಕಕ್ಕೆ ಸಮವಾಗಲೇಬೇಕು.

ಹಾಗಾಗಿ ತಪ್ಪು ತಿರುಗುಮುರುಗಾಗಿ ಕಾಣುತ್ತದೆ. ಊರುಗೋಲು ಕಡಿಮೆ ತೋರಿಸಿದರೆ ಕಾಲಿನ ಭಾರ ಹೆಚ್ಚೆಂದು ಬರುತ್ತದೆ. ರೋಗಿ ಸುಮ್ಮನೆ ಹೆದರುತ್ತಾರೆ, ಕಾಲು ಊರುವುದನ್ನೇ ಬಿಡುತ್ತಾರೆ, ಸ್ನಾಯು ಸೊರಗುತ್ತದೆ. ಊರುಗೋಲು ಹೆಚ್ಚು ತೋರಿಸಿದರೆ ಕಾಲಿನ ಭಾರ ಕಡಿಮೆಯೆಂದು ಬರುತ್ತದೆ. ಎರಡೂ ಊರುಗೋಲು ತಲಾ 4 ಕಿಲೋ ಹೆಚ್ಚು ತೋರಿಸಿದರೆ, 15 ಎಂದು ಕಾಣುವಲ್ಲಿ ನಿಜವಾಗಿ 23 ಕಿಲೋ ಬೀಳುತ್ತಿರುತ್ತದೆ, ಬೀಪ್ ಮಾತ್ರ ಬರುವುದಿಲ್ಲ. ನನಗೆ ನಿದ್ದೆಗೆಡಿಸುವುದು ಈ ಎರಡನೆಯದು. ಕೂಗುವ ಊರುಗೋಲನ್ನು ಯಾರಾದರೂ ರಿಪೇರಿಗೆ ತರುತ್ತಾರೆ. ಸುಮ್ಮನಿರುವುದನ್ನು ಯಾರೂ ತರುವುದಿಲ್ಲ.

ಕೂಡುವ ಪರೀಕ್ಷೆ

ಇದನ್ನು ರೋಗಿಯ ಮೇಲೆ ಮಾಡಬೇಡಿ, ಆರೋಗ್ಯವಂತರು ಮಾಡಬೇಕು. ಒಂದು ತೂಕದ ಯಂತ್ರದ ಮೇಲೆ ಎರಡೂ ಪಾದ ಇಟ್ಟು ನಿಲ್ಲಿ. ಊರುಗೋಲುಗಳ ತುದಿ ಯಂತ್ರದ ಆಚೆ, ನೆಲದ ಮೇಲಿರಲಿ. ಊರುಗೋಲುಗಳನ್ನು ಆದಷ್ಟೂ ನೇರವಾಗಿ ಹಿಡಿದು ಕೈಗೆ ಭಾರ ಹಾಕಿ. ತೂಕದ ಯಂತ್ರ ತೋರಿಸುವುದು ಮತ್ತು ಎರಡು ಊರುಗೋಲು ತೋರಿಸುವುದು ಸೇರಿ ನಿಮ್ಮ ತೂಕ ಬರಬೇಕು. ಸೆನ್ಸರ್ ತುದಿಯ ಹತ್ತಿರವಿದ್ದು, ಊರುಗೋಲನ್ನು ಗಾಳಿಯಲ್ಲಿ ಎತ್ತಿ ಹಿಡಿದು ಸೊನ್ನೆ ಹೊಂದಿಸಿದ್ದರೆ, ಊರುಗೋಲಿನ ಸ್ವಂತ ತೂಕವೂ ಸೇರಿಕೊಳ್ಳುತ್ತದೆ. ಎರಡೂ ಸೇರಿ ಸುಮಾರು ಒಂದು ಕಿಲೋ ಹೆಚ್ಚು ಬಂದರೆ ಅದನ್ನು ದೋಷವೆಂದು ತಿಳಿಯಬೇಡಿ.

ಮನೆಯಲ್ಲಿ ಬಳಸುವ ಡಿಜಿಟಲ್ ತೂಕದ ಯಂತ್ರ ಇಲ್ಲಿ ಮೋಸ ಮಾಡುತ್ತದೆ. ಅಂಕಿ ಸ್ಥಿರವಾದೊಡನೆ ಅಂಥ ಹಲವು ಯಂತ್ರಗಳು ಅದನ್ನೇ ಹಿಡಿದು ನಿಲ್ಲಿಸಿಬಿಡುತ್ತವೆ. ಆಮೇಲೆ ನೀವು ಎಷ್ಟು ಭಾರ ಕೈಗೆ ಬದಲಿಸಿದರೂ ಅಂಕಿ ಅಲುಗುವುದಿಲ್ಲ. ಇದು ಗೊತ್ತಿಲ್ಲದೆ ಒಂದು ಇಡೀ ಮಧ್ಯಾಹ್ನ ಒಳ್ಳೆಯ ಲೋಡ್ ಸೆಲ್ಲನ್ನು (ಊರುಗೋಲಿನ ಭಾರ ಅಳೆಯುವ ಸೆನ್ಸರನ್ನು) ಬೈದವರನ್ನು ನೋಡಿದ್ದೇನೆ. ದಿನಸಿ ಅಂಗಡಿಯಲ್ಲಿ ಮೂಟೆ ತೂಗುವ ಪ್ಲಾಟ್‌ಫಾರ್ಮ್ ತೂಕದ ಯಂತ್ರವೇ ಈ ಕೆಲಸಕ್ಕೆ ಸರಿ. ಅದರ ಅಂಕಿ ನಿರಂತರವಾಗಿ ಬದಲಾಗುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದ್ದರೆ ನಂಬಿಕೆಗೂ ಅರ್ಹ.

ಲೆಕ್ಕ ಕೂಡದಿದ್ದರೆ ಊರುಗೋಲುಗಳನ್ನು ಬಿಡಿಬಿಡಿಯಾಗಿ ನೋಡಿ. ಒಂದರ ತುದಿಯನ್ನು ಅದೇ ತೂಕದ ಯಂತ್ರದ ಮೇಲಿಟ್ಟು 5, 10, 20, 30 ಕಿಲೋವರೆಗೆ ಒತ್ತಿ, ಅದೇ ಮೆಟ್ಟಿಲುಗಳಲ್ಲಿ ಇಳಿಯಿರಿ. ಏರುವಾಗ ಮತ್ತು ಇಳಿಯುವಾಗ ಬಂದ ಅಂಕಿಗಳನ್ನು ಅಕ್ಕಪಕ್ಕ ಬರೆಯಿರಿ. ಈ ಸಣ್ಣ ಪಟ್ಟಿಯಲ್ಲೇ ಅರ್ಧ ಉತ್ತರ ಇರುತ್ತದೆ. ಎಲ್ಲ ಅಂಕಿಗಳಿಗೂ ಒಂದೇ ಮೊತ್ತ ಸೇರಿದ್ದರೆ ಸೊನ್ನೆ ಜಾರಿದೆ. ಎಲ್ಲವೂ ಒಂದೇ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಆಗಿದ್ದರೆ ಗುಣಾಂಕ, ಅಂದರೆ ಸೆನ್ಸರಿನ ಸಂಕೇತವನ್ನು ಕಿಲೋಗೆ ಬದಲಿಸುವ ಸಂಖ್ಯೆ, ತಪ್ಪಿದೆ. ಬಹಳ ಸಲ ಎಡಗೈಯ ಗುಣಾಂಕ ಬಲಗೈಗೆ, ಬಲಗೈಯದು ಎಡಗೈಗೆ ಹೋಗಿರುತ್ತದೆ. ಏರುವಾಗ ಒಂದು, ಇಳಿಯುವಾಗ ಇನ್ನೊಂದು ಬಂದರೆ ಎಲ್ಲೋ ಏನೋ ಉಜ್ಜುತ್ತಿದೆ.

ಅಕ್ಕನ ಊರುಗೋಲುಗಳನ್ನು ಹಿಡಿದು ನಾನು ನಿಂತೆ. ನನ್ನ ತೂಕ 68. ಪಾದದ ಕೆಳಗಿನ ಯಂತ್ರ 40 ತೋರಿಸಿತು. ಊರುಗೋಲುಗಳ ತೂಕವೂ ಸೇರಿ 29 ಬರಬೇಕಿತ್ತು. ಎಡಗಡೆ 14, ಬಲಗಡೆ 8 ಬಂತು. ಬಲಗಡೆಯದನ್ನು ಬೇರೆಯಾಗಿ ಒತ್ತಿದೆ: 20 ಕಿಲೋಗೆ 13. ಕೈ ತೆಗೆದಾಗ ಸೊನ್ನೆಗೆ ಬರಲಿಲ್ಲ, 2ರಲ್ಲಿ ನಿಂತು ನಿಧಾನವಾಗಿ ಇಳಿಯಿತು.

ಅದರಲ್ಲಿ ಲೋಡ್ ಸೆಲ್ ತುದಿಯ ಹತ್ತಿರ, ಮೇಲಿನ ಕೊಳವೆ ಮತ್ತು ಕೆಳಗಿನ ತುಂಡಿನ ನಡುವೆ ಕೂತಿರುತ್ತದೆ. ಓಲಾಡದಿರಲೆಂದು ಸುತ್ತ ಅಂಗಿಯ ತೋಳಿನಂಥ ಒಂದು ಹೊರಕೊಳವೆ ಇದೆ, ಅದನ್ನು ತೋಳು ಎನ್ನೋಣ. ತೋಳಿಗೂ ಕೆಳಗಿನ ತುಂಡಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು, ಇಲ್ಲದಿದ್ದರೆ ಭಾರ ಲೋಡ್ ಸೆಲ್ಲನ್ನು ತಪ್ಪಿಸಿಕೊಂಡು ತೋಳಿನ ಮೂಲಕವೇ ಇಳಿದುಹೋಗುತ್ತದೆ. ತುದಿಯ ರಬ್ಬರ್ ಕಳಚಿ ಬೆಳಕಿಗೆ ಹಿಡಿದೆ. ಸಂದಿನ ಸುತ್ತಲೂ ಕೆಂಪು ಮಣ್ಣು. ಹಿತ್ತಲಿನ ಒದ್ದೆ ನೆಲದಲ್ಲಿ ನಡೆದಾಗ ಹತ್ತಿದ ಕೆಸರು ಒಣಗಿ ಗಾರೆಯಂತೆ ಗಟ್ಟಿಯಾಗಿತ್ತು. ಸೂಜಿಯಿಂದ ಕೆದಕಿದಾಗ ಚಕ್ಕೆ ಚಕ್ಕೆಯಾಗಿ ಮೇಜಿನ ಮೇಲೆ ಬಿತ್ತು. ಒಣ ಬ್ರಷ್‌ನಿಂದ ಗುಡಿಸಿ, ತೆಳು ಕಾಗದದ ಪಟ್ಟಿಯೊಂದನ್ನು ಸಂದಿನಲ್ಲಿ ಸುತ್ತಲೂ ಎಳೆದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮತ್ತೆ ಒತ್ತಿದಾಗ 20ಕ್ಕೆ 20, ಕೈ ತೆಗೆದರೆ ಸೊನ್ನೆ. ಈಗ ಆ ಸಂದಿನ ಮೇಲೆ ಸಡಿಲವಾದ ಮೆತ್ತನೆಯ ರಬ್ಬರ್ ಪಟ್ಟಿ ಹಾಕುತ್ತೇವೆ. ಬಿಗಿಯಾದ ಪಟ್ಟಿ ಹಾಕಿದರೆ ಪಟ್ಟಿಯೇ ಭಾರ ಹೊರುತ್ತದೆ. ಪ್ಲಾಸ್ಟಿಕ್ ಟೇಪ್ ಸುತ್ತುವವರು ಇದನ್ನು ದಯವಿಟ್ಟು ನೆನಪಿಡಿ.

ಗಾಳಿಯಲ್ಲಿರುವಾಗ ಸೊನ್ನೆ ಬರುತ್ತಿದೆಯೇ

ನಡಿಗೆಯೇ ನಮಗೆ ಒಂದು ಉಚಿತ ಪರೀಕ್ಷೆ ಕೊಡುತ್ತದೆ. ಪ್ರತಿ ಹೆಜ್ಜೆಯಲ್ಲೂ ಊರುಗೋಲು ಒಮ್ಮೆ ನೆಲ ಬಿಟ್ಟು ಮುಂದೆ ತೂಗುತ್ತದೆ. ಆಗ ಅಂಕಿ ಸೊನ್ನೆಯ ಸುತ್ತ ಇರಬೇಕು. ಸೆನ್ಸರಿನ ಕೆಳಗಿನ ತುಂಡು ಜೋತುಬೀಳುವುದರಿಂದ ಕೆಲವು ಗ್ರಾಂ ಆಚೀಚೆ ಸಹಜ. ಪ್ರತಿ ಹೆಜ್ಜೆಯಲ್ಲೂ 3 ಕಿಲೋ ಕಂಡರೆ ಸಹಜವಲ್ಲ.

ಮೊದಲ ಹೆಜ್ಜೆಯಿಂದಲೇ ಮೈನಸ್ ಅಂಕಿ ಬರುತ್ತಿದ್ದರೆ, ಬಹುಪಾಲು ರೋಗಿ ಊರುಗೋಲಿನ ಮೇಲೆ ಒರಗಿಕೊಂಡೇ ಸ್ವಿಚ್ ಹಾಕಿದ್ದಾರೆ. ಆನ್ ಆದೊಡನೆ ಸೊನ್ನೆ ಹೊಂದಿಸಿಕೊಳ್ಳುವಂತೆ ಪ್ರೋಗ್ರಾಂ ಬರೆದಿದ್ದರೆ, ಆ ಕ್ಷಣದ 6 ಕಿಲೋವನ್ನೇ ಅದು ಸೊನ್ನೆ ಎಂದು ನಂಬುತ್ತದೆ. ಇದು ರೋಗಿಯ ತಪ್ಪಲ್ಲ, ಬರೆದವರ ತಪ್ಪು. ನಿಲ್ಲಲು ಕಷ್ಟಪಡುವವರು ಊರುಗೋಲನ್ನು ಗಾಳಿಯಲ್ಲಿ ಹಿಡಿದು ಸ್ವಿಚ್ ಒತ್ತಲಿ ಎಂದು ನಿರೀಕ್ಷಿಸುವುದು ಸರಿಯಲ್ಲ. ಕಾರ್ಖಾನೆಯಲ್ಲಿ ಹಾಕಿದ ಸೊನ್ನೆಯನ್ನು ಉಳಿಸಿಕೊಂಡು, ಊರುಗೋಲು ಗಾಳಿಯಲ್ಲಿದೆ ಎಂದು ಖಚಿತವಾದಾಗ ಮಾತ್ರ ತಿದ್ದಿಕೊಳ್ಳುವಂತೆ ಬರೆಯಿರಿ.

ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನದ ಹೊತ್ತಿಗೆ ಸೊನ್ನೆ ಜಾರಿದರೆ ಬಿಸಿಲನ್ನು ಅನುಮಾನಿಸಿ. ಲೋಡ್ ಸೆಲ್ಲಿನೊಳಗೆ ಲೋಹ ಹಿಗ್ಗಿ ಕುಗ್ಗಿದಂತೆ ವಿದ್ಯುತ್ ರೋಧ ಬದಲಾಗುವ ತೆಳು ಪಟ್ಟಿಗಳಿರುತ್ತವೆ, ಅವೇ ಸ್ಟ್ರೇನ್ ಗೇಜ್‌ಗಳು. ನಾಲ್ಕು ಗೇಜ್‌ಗಳನ್ನು ಚೌಕದ ನಾಲ್ಕು ಬದಿಗಳಂತೆ ಜೋಡಿಸಿದ ಪೂರ್ಣ ಬ್ರಿಡ್ಜ್ ಸಮನಾದ ಶಾಖವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಆದರೆ ಕಿಟಕಿಯ ಪಕ್ಕ ಒರಗಿಸಿಟ್ಟ ಕೊಳವೆಯ ಒಂದು ಮೈ ಮಾತ್ರ ಕಾದಾಗ ಆ ಲೆಕ್ಕ ತಪ್ಪುತ್ತದೆ. ನೆರಳಿನಲ್ಲಿ ಅರ್ಧ ಗಂಟೆ ಇಟ್ಟು ನೋಡಿ. ಸೊನ್ನೆ ಮರಳಿ ಬಂದರೆ ಕಾರಣ ಅದೇ. ಕಲ್ಲಿನ ನೆಲಕ್ಕೆ ಬಿದ್ದ ಮೇಲೆ ಜಾರಿದ ಸೊನ್ನೆ ಮಾತ್ರ ಮರಳುವುದಿಲ್ಲ. ಅಂಥ ಲೋಡ್ ಸೆಲ್ಲನ್ನು ಬದಲಿಸಿ.

ಮಳೆಗಾಲದಲ್ಲಿ ಸೊನ್ನೆ ದಿನದಿಂದ ದಿನಕ್ಕೆ ಒಂದೇ ದಿಕ್ಕಿಗೆ ಅಲೆಯುತ್ತಿದ್ದರೆ ಗೇಜ್‌ನ ಅಡಿಗೆ ತೇವ ಹೋಗಿದೆ. ವಿದ್ಯುತ್ ಸಂಪರ್ಕ ತೆಗೆದು, ಗೇಜ್‌ನ ಒಂದು ತಂತಿಗೂ ಅಲ್ಯೂಮಿನಿಯಂ ಕೊಳವೆಗೂ ನಡುವಿನ ರೋಧವನ್ನು ಮಲ್ಟಿಮೀಟರಿನ ಅತಿ ಹೆಚ್ಚಿನ ಮೆಗಾಓಮ್ ಸ್ಥಾನದಲ್ಲಿ ಅಳೆಯಿರಿ. ಸಾಮಾನ್ಯ ಮೀಟರಿನಲ್ಲಿ ಏನೂ ಕಾಣಬಾರದು. ಯಾವುದೇ ಅಂಕಿ ಕಂಡರೂ ಗೇಜ್ ಮತ್ತು ಕೊಳವೆಯ ನಡುವೆ ವಿದ್ಯುತ್ ತಡೆಯುವ ಪದರ ಕೆಟ್ಟಿದೆ ಎಂದರ್ಥ. ಒಣಗಿಸಿ ಮತ್ತೆ ಮುಚ್ಚುವಾಗ ವಿನಿಗರ್ ವಾಸನೆ ಬರುವ ಸಿಲಿಕೋನ್ ಹಚ್ಚಬೇಡಿ. ಅದರಿಂದ ಹೊರಬರುವ ಆಮ್ಲ ತಾಮ್ರವನ್ನೂ ಬೆಸುಗೆಯನ್ನೂ ತಿನ್ನುತ್ತದೆ. ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕೋನ್ ಎಂದು ಕೇಳಿ ತನ್ನಿ.

ಬಾಗುವಿಕೆ: ಎಲ್ಲಕ್ಕಿಂತ ಹೆಚ್ಚು ಕಾಡುವ ದೋಷ

ಲೋಡ್ ಸೆಲ್ ಬದಲು ಕೊಳವೆಯ ಮೈಗೇ ಸ್ಟ್ರೇನ್ ಗೇಜ್ ಅಂಟಿಸಿದ ಊರುಗೋಲುಗಳಲ್ಲಿ ಇದು ಬರುತ್ತದೆ. ನೇರವಾಗಿ ಒತ್ತಿದಾಗ ಅಂಕಿ ಸರಿ, ಯಾರಾದರೂ ಹಿಡಿದು ನಡೆದರೆ ಅಂಕಿ ಹುಚ್ಚು ಕುಣಿತ. ಕಾರಣ ತಿಳಿಯಲು ಸ್ವಲ್ಪ ಲೆಕ್ಕ ಹಾಕಲೇಬೇಕು.

22 ಮಿಲಿಮೀಟರ್ ಹೊರವ್ಯಾಸ, ಒಂದೂವರೆ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಕೊಳವೆಯ ಮೇಲೆ 30 ಕಿಲೋ ನೇರವಾಗಿ ಕೂತರೆ ಅದು ಹತ್ತು ಲಕ್ಷಕ್ಕೆ ಸುಮಾರು 44 ಪಾಲು ಕುಗ್ಗುತ್ತದೆ. ಒಂದು ಮೀಟರ್ ಉದ್ದದ ಕೊಳವೆ 0.044 ಮಿಲಿಮೀಟರ್ ಕುಗ್ಗಿದ ಹಾಗೆ. 5 ವೋಲ್ಟ್ ಕೊಟ್ಟ ಪೂರ್ಣ ಬ್ರಿಡ್ಜ್‌ನಿಂದ ಇದಕ್ಕೆ ಸಿಗುವುದು ಸುಮಾರು 0.3 ಮಿಲಿವೋಲ್ಟ್ ಮಾತ್ರ. ಈಗ ತುದಿಯಲ್ಲಿ ನೆಲ ಅಡ್ಡಡ್ಡವಾಗಿ 2 ಕಿಲೋ ಅಷ್ಟೇ ತಳ್ಳಲಿ, ಗೇಜ್ ಹಿಡಿಯ ಹತ್ತಿರ, ತುದಿಯಿಂದ 80 ಸೆಂಟಿಮೀಟರ್ ಮೇಲಿರಲಿ. ಬಾಗುವುದರಿಂದ ಕೊಳವೆಯ ಮೈಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 490 ಪಾಲು ಹಿಗ್ಗು ಕುಗ್ಗು ಆಗುತ್ತದೆ. ನಮಗೆ ಬೇಕಾದ ಸದ್ದಿಗಿಂತ ಬೇಡದ ಸದ್ದು ಹನ್ನೊಂದು ಪಟ್ಟು ಜೋರು! ಅದೇ ಗೇಜ್ ತುದಿಯಿಂದ 10 ಸೆಂಟಿಮೀಟರ್ ಮೇಲಿದ್ದರೆ ಈ 490 ಸುಮಾರು 61ಕ್ಕೆ ಇಳಿಯುತ್ತದೆ. ತಂತಿ ಚಿಕ್ಕದಾಗುತ್ತದೆ ಎಂದು ಗೇಜ್‌ಗಳನ್ನು ಹಿಡಿಯ ಹತ್ತಿರ ಅಂಟಿಸುವುದು ನನ್ನ ಮಟ್ಟಿಗೆ ವಿನ್ಯಾಸದಲ್ಲೇ ಆದ ತಪ್ಪು. ಆಮೇಲೆ ಎಷ್ಟು ರಿಪೇರಿ ಮಾಡಿದರೂ ಅದು ಪೂರ್ತಿ ಹೋಗುವುದಿಲ್ಲ.

ಎದುರುಬದುರು ಮೈಗಳಲ್ಲಿ ಗೇಜ್ ಇಟ್ಟು ಬ್ರಿಡ್ಜ್ ಕಟ್ಟಿದರೆ ಒಂದು ಕಡೆಯ ಹಿಗ್ಗು ಇನ್ನೊಂದು ಕಡೆಯ ಕುಗ್ಗಿನಿಂದ ವಜಾ ಆಗುತ್ತದೆ. ಗೇಜ್‌ಗಳು ಕರಾರುವಾಕ್ಕಾಗಿ ಎದುರುಬದುರು ಇಲ್ಲದಿದ್ದರೆ, ಒಂದರ ಅಂಚು ಮೇಲೆದ್ದಿದ್ದರೆ, ವಜಾ ಅರ್ಧಂಬರ್ಧ ಆಗುತ್ತದೆ. ಪತ್ತೆ ಹಚ್ಚಲು ಎರಡು ಸ್ಟೂಲ್ ಮತ್ತು ಒಂದು ಲೀಟರಿನ ನೀರಿನ ಬಾಟಲಿ ಸಾಕು. ಊರುಗೋಲನ್ನು ಅಡ್ಡವಾಗಿ ಮಲಗಿಸಿ, ತುದಿ ಒಂದು ಸ್ಟೂಲಿನ ಮೇಲೆ, ಹಿಡಿಯ ಕಡೆ ಇನ್ನೊಂದರ ಮೇಲೆ ಇರಲಿ. ಸೊನ್ನೆ ಹೊಂದಿಸಿ, ನಡುವೆ ತುಂಬಿದ ಬಾಟಲಿ ನೇತುಹಾಕಿ. ಕೊಳವೆಯ ಉದ್ದಕ್ಕೆ ಯಾವ ಒತ್ತಡವೂ ಇಲ್ಲವಾದ್ದರಿಂದ ಅಂಕಿ ಸೊನ್ನೆಯಲ್ಲೇ ಇರಬೇಕು. ಕೊಳವೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ, ಹೀಗೆ ನಾಲ್ಕು ಮೈ. ಒಂದು ಮೈಯಲ್ಲಿ ಪ್ಲಸ್ 5, ಅದರ ಎದುರು ಮೈಯಲ್ಲಿ ಮೈನಸ್ 5 ಬಂದರೆ ಬಾಗುವಿಕೆ ಒಳನುಗ್ಗುತ್ತಿದೆ. ತಿರುಗಿಸುವಾಗ ಅಂಕಿ ಗೊತ್ತುಗುರಿಯಿಲ್ಲದೆ ಹಾರಿದರೆ ಗೇಜ್‌ನ ಅಂಟು ಬಿಟ್ಟಿದೆ. ಬೇಗ ಒಣಗುವ ಸೈನೋಆಕ್ರಿಲೇಟ್ ಅಂಟು ತೇವದಲ್ಲಿ ಕಾಲ ಕಳೆದಂತೆ ಸೋಲುತ್ತದೆ. ವರ್ಷಗಟ್ಟಲೆ ಬಾಳಬೇಕಾದ ಊರುಗೋಲಿಗೆ ಎಪಾಕ್ಸಿಯೇ ಸರಿ.

ಇದೇ ಲಕ್ಷಣ ತುದಿಯ ರಬ್ಬರಿನಿಂದಲೂ ಬರಬಹುದು. ಒಂದು ಬದಿ ಸವೆದ ರಬ್ಬರ್ ಕೊಳವೆಯ ನಡುರೇಖೆಯಿಂದ 2 ಸೆಂಟಿಮೀಟರ್ ಆಚೆ ನೆಲ ಮುಟ್ಟಿದರೆ, 30 ಕಿಲೋ ಭಾರ ಅಷ್ಟೇ ದೂರದಿಂದ ಕೊಳವೆಯನ್ನು ಬಾಗಿಸುತ್ತದೆ. ಗೇಜ್ ಕೀಳುವ ಮೊದಲು ಹೊಸ ರಬ್ಬರ್ ಹಾಕಿ ನೋಡಿ. ಸವೆದ ರಬ್ಬರ್ ಜಾರುತ್ತದೆ ಕೂಡ, ಹೇಗಿದ್ದರೂ ಬದಲಿಸಲೇಬೇಕು.

ನಿಂತಾಗ ಸರಿ, ನಡೆದಾಗ ತಪ್ಪು

ಬಾಗುವಿಕೆ ಇಲ್ಲವೆಂದು ಖಚಿತವಾದ ಮೇಲೂ ನಡಿಗೆಯ ಗರಿಷ್ಠ ಭಾರ ಕಡಿಮೆ ಬರುತ್ತಿದ್ದರೆ, ಅಳತೆಯ ವೇಗ ನೋಡಿ. ಗೇಜ್‌ಗಳ ಸಂಕೇತವನ್ನು ಅಂಕಿಯಾಗಿ ಬದಲಿಸುವ, ಅಗ್ಗವಾಗಿ ಸಿಗುವ ಎಚ್‌ಎಕ್ಸ್ 711 ಚಿಪ್ ಸೆಕೆಂಡಿಗೆ 10 ಅಥವಾ 80 ಸಲ ಅಳೆಯಬಲ್ಲದು. ಮಾರುಕಟ್ಟೆಯ ಅನೇಕ ಹಸಿರು ಬೋರ್ಡ್‌ಗಳಲ್ಲಿ ವೇಗದ ಪಿನ್ನನ್ನು ಗ್ರೌಂಡ್‌ಗೆ ಬೆಸೆದು 10ಕ್ಕೇ ಕಟ್ಟಿಹಾಕಿರುತ್ತಾರೆ. ಆ ಸ್ಥಿತಿಯಲ್ಲಿ ಹೊಸ ಭಾರಕ್ಕೆ ಅಂಕಿ ಪೂರ್ತಿ ಹೊಂದಿಕೊಳ್ಳಲು 400 ಮಿಲಿಸೆಕೆಂಡ್ ಬೇಕು. ಊರುಗೋಲು ನೆಲದ ಮೇಲಿರುವುದೇ ಸುಮಾರು ಒಂದು ಸೆಕೆಂಡ್. ಅಷ್ಟರಲ್ಲಿ ಶಿಖರ ಸವೆದು ದಿಬ್ಬವಾಗಿರುತ್ತದೆ. ಪಿನ್ನನ್ನು ಎತ್ತಿ ವಿದ್ಯುತ್ ಕಡೆಗೆ ಬೆಸೆದರೆ 80 ಸಿಗುತ್ತದೆ, ಹೊಂದಿಕೊಳ್ಳುವ ಸಮಯ 50 ಮಿಲಿಸೆಕೆಂಡಿಗೆ ಇಳಿಯುತ್ತದೆ. ಇದರ ಮೇಲೆ ಪ್ರೋಗ್ರಾಂನಲ್ಲಿ ಹತ್ತು ಅಂಕಿಗಳ ಸರಾಸರಿ ತೆಗೆಯುತ್ತಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ಓರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೆನ್ಸರ್ ಅಳೆಯುವುದು ಕೊಳವೆಯ ಉದ್ದಕ್ಕಿರುವ ಬಲ. ನಮಗೆ ಬೇಕಾದದ್ದು ನೆಲಕ್ಕೆ ಲಂಬವಾದದ್ದು. 20 ಡಿಗ್ರಿ ಓರೆಯಾದರೆ 30 ಕಿಲೋದಲ್ಲಿ ಲಂಬ ಭಾಗ ಸುಮಾರು 28, 30 ಡಿಗ್ರಿಗೆ 26. ತಿದ್ದದೆ ಬಿಟ್ಟರೆ ಊರುಗೋಲು ಹೆಚ್ಚು ತೋರಿಸಿದಂತೆ, ಅಂದರೆ ಕಾಲಿಗೆ ಅಪಾಯದ ದಿಕ್ಕಿನ ತಪ್ಪು. ಓರೆ ಅಳೆಯುವ ಚಿಪ್ ಇದ್ದೂ ಕೋನ ತಪ್ಪು ಬರುತ್ತಿದ್ದರೆ ಅದರ ವೇಗೋತ್ಕರ್ಷ ಮಿತಿಯನ್ನು 2 ಜಿ (ಭೂಗುರುತ್ವದ ಎರಡು ಪಟ್ಟು) ಬದಲು 8 ಜಿಗೆ ಏರಿಸಿ ನೋಡಿ. ತುದಿ ನೆಲಕ್ಕೆ ತಟ್ಟಿದ ಕ್ಷಣದ ಏಟು 2 ಜಿ ಮೀರುತ್ತದೆ. ಎತ್ತರ ಹೊಂದಿಸುವ ಗುಂಡಿಯ ತೂತು ಸವೆದು ಕಟಕಟ ಎನ್ನುತ್ತಿದ್ದರೂ ಅಂಥ ಏಟು ಪ್ರತಿ ಹೆಜ್ಜೆಗೂ ಬೀಳುತ್ತದೆ.

ಎರಡು ಊರುಗೋಲುಗಳ ಸಮಯ ಹೊಂದದಿದ್ದರೆ ಮೊತ್ತವೇ ತಪ್ಪುತ್ತದೆ. ಅಂಕಿ ಮೊಬೈಲಿಗೆ ತಲುಪಿದ ಹೊತ್ತನ್ನು ಸಮಯವೆಂದು ಬರೆದುಕೊಳ್ಳಬೇಡಿ, ಬ್ಲೂಟೂತ್ ಒಂದೊಂದು ಸಲ ಒಂದೊಂದು ತಡ ಮಾಡುತ್ತದೆ. ಊರುಗೋಲಿನೊಳಗೇ ಸಮಯ ಅಂಟಿಸಿ ಕಳುಹಿಸಬೇಕು. ನಡಿಗೆ ಶುರುವಾಗುವ ಮೊದಲು ಎರಡನ್ನೂ ಒಂದಕ್ಕೊಂದು ಒಮ್ಮೆ ತಟ್ಟಿ. ಎರಡೂ ದಾಖಲೆಗಳಲ್ಲಿ ಆ ಏಟು ಚೂಪಾಗಿ ಕಾಣುತ್ತದೆ, ಅದನ್ನೇ ಹೊಂದಿಸಿಕೊಳ್ಳಿ.

ಬಂದು ಹೋಗುವ ದೋಷ

ಅಂಕಿ ಇದ್ದಕ್ಕಿದ್ದಂತೆ ಮಿತಿ ಮೀರಿ ಹಾರಿ ಮತ್ತೆ ಸರಿಯಾದರೆ ತಂತಿ ಒಳಗೇ ತುಂಡಾಗಿದೆ. 350 ಓಮ್ ಗೇಜ್‌ಗಳ ಬ್ರಿಡ್ಜ್‌ನಲ್ಲಿ ಆಂಪ್ಲಿಫೈಯರ್ (ಸಂಕೇತವನ್ನು ಹಿಗ್ಗಿಸುವ ಬೋರ್ಡ್) ಕಳಚಿ ಅಳೆದಾಗ ಎದುರು ಮೂಲೆಗಳ ನಡುವೆ 350, ಪಕ್ಕದ ಮೂಲೆಗಳ ನಡುವೆ ಸುಮಾರು 262 ಬರಬೇಕು. ಎದುರು ಮೂಲೆಗಳಲ್ಲಿ 700 ಬಂದು, ಒಂದು ಪಕ್ಕದಲ್ಲಿ 1050 ಬಂದರೆ ಆ ಪಕ್ಕದ ಗೇಜ್ ಅಥವಾ ಅದರ ಬೆಸುಗೆಯೇ ಕಡಿದಿದೆ. ಮೀಟರ್ ಹಿಡಿದುಕೊಂಡೇ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸುತ್ತಾ ಹೋಗಿ. ಎತ್ತರ ಹೊಂದಿಸುವ ಕಡೆ ತಂತಿ ಎಳೆದುಕೊಳ್ಳುತ್ತದೆ, ನಾನು ಕಂಡ ಕಡಿತಗಳಲ್ಲಿ ಹೆಚ್ಚಿನವು ಅಲ್ಲೇ. ಅಲ್ಲಿ ತಂತಿಗೆ ಸ್ವಲ್ಪ ಸಡಿಲ ಬಿಡಿ. ತಂತಿ ಸರಿಯಿದ್ದು ಬ್ಲೂಟೂತ್ ಕಳುಹಿಸುವ ಕ್ಷಣದಲ್ಲಷ್ಟೇ ಹಾರಿದರೆ ಬ್ಯಾಟರಿ ಸೋತಿದೆ.

ದೋಷ ಸಿಕ್ಕಿತು, ಸರಿಯಾಯಿತು ಎಂದು ಊರುಗೋಲನ್ನು ಹಿಂದಿರುಗಿಸಿದರೆ ಕೆಲಸ ಮುಗಿಯಲಿಲ್ಲ. ಅದು ಯಾವಾಗಿನಿಂದ ತಪ್ಪು ಹೇಳುತ್ತಿತ್ತು ಎಂದು ಹಳೆಯ ದಾಖಲೆಯಲ್ಲಿ ಹುಡುಕಬೇಕು. ಅಕ್ಕನ ದಾಖಲೆಯನ್ನು ಹಿಂದಕ್ಕೆ ತಿರುವಿದೆ. ಬಲಗಡೆಯದು ನೆಲ ಬಿಟ್ಟ ಮೇಲೂ ಸೊನ್ನೆಗೆ ಬಾರದೆ 2 ಕಿಲೋದಲ್ಲಿ ತಡವರಿಸುವುದು ಹನ್ನೆರಡು ದಿನಗಳ ಹಿಂದೆ ಶುರುವಾಗಿತ್ತು. ಆ ಹನ್ನೆರಡು ದಿನಗಳ ಅಂಕಿಗಳನ್ನು ಬಳಸಬೇಡಿ ಎಂದು ಫಿಸಿಯೋಥೆರಪಿಸ್ಟ್‌ಗೆ ಬರೆದುಕೊಟ್ಟೆ. ಅವರು ಆಕೆಯ ಚೀಟಿಯಲ್ಲಿ "ಮಿತಿ ಮೀರುತ್ತಿದ್ದಾರೆ" ಎಂದು ಬರೆದ ಸಾಲುಗಳನ್ನು ಆಕೆಯ ಎದುರಿಗೇ ಹೊಡೆದುಹಾಕಿದರು. ಸರಿಪಡಿಸಿದ ಊರುಗೋಲು ಹಿಡಿದು ಅಕ್ಕ ಮೊಗಸಾಲೆಯ ಆ ತುದಿಯವರೆಗೆ ನಡೆದು ಬಂದರು. ಒಂದು ಸಲವೂ ಬೀಪ್ ಬರಲಿಲ್ಲ. ಆಕೆಯ ಕಾಲಿನ ಮೇಲೆ ಬಿದ್ದ ಭಾರ 9 ಕಿಲೋ ಇತ್ತು.